ಗೋಪುರದ ಹೊರಗಿನ ಬಿ.ಎ.

ನನ್ನ ಗಂಡನ ತಂದೆಯನ್ನು ಗದಗಿನಲ್ಲಿ ಎಲ್ಲರೂ ಬಿ.ಎ. ಎಂದೇ ಕರೆಯುತ್ತಿದ್ದರು. ಹೆಸರಿನ ಹಿಂದೆ ಬಿ.ಎ. ಅಲ್ಲ, ಹೆಸರೇ ಬಿ.ಎ. ಸ್ಟೇಷನ್ನಿನಲ್ಲಿ ಇಳಿದು "ಬಿ.ಎ. ಅವರ ಮನಿಗೆ ನಡಿಯಪಾ" ಎಂದರೆ ಸಾಕು, ಟಾಂಗಾದವನು ಮರುಮಾತಾಡದೆ ಮನೆ ಮುಂದೆ ತಂದು ಇಳಿಸುತ್ತಿದ್ದ. ಅದು ಧಾರವಾಡಕ್ಕೆ ತನ್ನದೇ ಯೂನಿವರ್ಸಿಟಿ ಬರುವುದಕ್ಕೂ ಮೊದಲಿನ ಬಿ.ಎ. ಆಗ ನಮ್ಮ ಕಡೆಯವರು ಓದಿದರೆ ಮುಂಬಯಿ ಯೂನಿವರ್ಸಿಟಿಯ ಹೆಸರಿನಲ್ಲೇ ಓದಬೇಕು. ಕೆಲವರು ಪರೀಕ್ಷೆ ಬರೆಯಲು ಮುಂಬಯಿಗೇ ಹೋಗಬೇಕಾಗುತ್ತಿತ್ತಂತೆ. ಮಾವನವರು ಹಾಗೆ ರೈಲು ಹತ್ತಿ ಹೋಗಿ ಬಂದವರು. ಬಂದ ಮೇಲೆ ಒಬ್ಬ ಅರಳೆ ವ್ಯಾಪಾರಿಯ ಅಂಗಡಿಯಲ್ಲಿ ಕೂತು ಇಂಗ್ಲಿಷ್ ಪತ್ರ ಬರೆಯುವುದು ಅವರ ಕೆಲಸವಾಯಿತು. ಓಣಿಯಲ್ಲಿ ಯಾರಿಗೆ ಸರಕಾರದ ಅರ್ಜಿ ಬೇಕಾದರೂ, ಯಾರ ಮನೆಗೆ ತಾರು ಬಂದರೂ, ಜನ ಓಡಿ ಬರುವುದು ಅವರ ಬಳಿಗೇ. ಇಷ್ಟು ಚೆಂದ ಇಂಗ್ಲಿಷ್ ಬರೆಯುವವರ ಬಳಿ ಸರ್ಟಿಫಿಕೇಟ್ ತೋರಿಸಿ ಎಂದು ಯಾರು ಕೇಳುತ್ತಾರೆ?

ಇಂಥವರ ಒಬ್ಬನೇ ಮಗ ಬಿ.ಎ.ಯಲ್ಲಿ ಫೇಲಾದ. ಆ ಮಗನನ್ನೇ ನಾನು ಮದುವೆಯಾದದ್ದು. ರಿಸಲ್ಟ್ ಬಂದ ದಿನ ಮಾವನವರು ಬೈಯಲಿಲ್ಲ, ಕೈ ಎತ್ತಲಿಲ್ಲ. "ಈ ಮನಿಯಾಗ ಹುಟ್ಟಿ ನಿನಗ ಇಷ್ಟೂ ಆಗಲಿಲ್ಲಲ್ಲೋ" ಎಂದರಂತೆ, ಅಷ್ಟೆ. ಆಮೇಲೆ ಮಗನೊಂದಿಗೆ ನೇರವಾಗಿ ಮಾತಾಡುವುದನ್ನೇ ಬಿಟ್ಟರು. ನನ್ನವರು ಮುಂಬಯಿಗೆ ಬಂದು ಫೋರ್ಟಿನ ಒಂದು ಕಂಪನಿಯಲ್ಲಿ ಕಾರಕೂನರಾದರು. ಅರವತ್ತರ ದಶಕ ಮುಗಿಯುವ ಹೊತ್ತಿಗೆ ನಾನು ಮದುವೆಯಾಗಿ ಅವರ ಗೋರೆಗಾಂವಿನ ಚಾಳಿಗೆ, ಒಂದೊಂದೇ ಖೋಲಿಯ ಮನೆಗಳ ವಠಾರಕ್ಕೆ, ಬಂದೆ.

ನನ್ನ ಗಂಡ ಕೆಲಸದಲ್ಲಿ ಚುರುಕು, ಲೆಕ್ಕದಲ್ಲಿ ಗಟ್ಟಿ. ಆದರೆ ನಾಲ್ಕು ಜನ ಸೇರಿದ ಕಡೆ ಗೋಡೆಗೆ ಅಂಟಿಕೊಂಡು ನಿಲ್ಲುವ ಮನುಷ್ಯ. ಕನ್ನಡ ಸಂಘದ ನಾಟಕಕ್ಕೆ ಹೋದರೆ ಮುಂದೆ ಖುರ್ಚಿ ಇದ್ದರೂ ಕೊನೆಯ ಸಾಲೇ ಆಗಬೇಕು. ಯಾರಾದರೂ "ಎಷ್ಟು ಓದೀರಿ?" ಎಂದು ಕೇಳಿದರೆ "ನಮ್ಮ ತಂದಿಯವರು ಬಿ.ಎ." ಎನ್ನುತ್ತಿದ್ದರು. ಕೇಳಿದ್ದೊಂದು, ಹೇಳಿದ್ದೊಂದು. ನನಗೆ ಮೈ ಉರಿಯುತ್ತಿತ್ತು. ಚರ್ಚ್‌ಗೇಟಿನಲ್ಲಿ ಇಳಿದು ಆಫೀಸಿಗೆ ನಡೆಯುವ ದಾರಿಯಲ್ಲೇ ಓವಲ್ ಮೈದಾನ, ಅದರಾಚೆ ಯೂನಿವರ್ಸಿಟಿಯ ಗಡಿಯಾರದ ಗೋಪುರ. ಇವರು ಆ ಗೇಟಿನ ಮುಂದೆ ಹಾಯಬಾರದು ಎಂದು ದಿನಾ ಸುತ್ತು ಹಾಕಿ ಹೋಗುತ್ತಿದ್ದರು ಎಂಬುದು ನನಗೆ ತಿಳಿದದ್ದು ಮದುವೆಯಾಗಿ ಎಷ್ಟೋ ದಿನಗಳ ಮೇಲೆ.

ನಮ್ಮ ಮಗನ ಜವಳಕ್ಕೆ ಮಾವನವರು ಮುಂಬಯಿಗೆ ಬಂದರು. ಎಪ್ಪತ್ತರ ದಶಕ ಆಗಷ್ಟೇ ಶುರುವಾಗಿತ್ತು. ಒಂದೇ ಖೋಲಿಯ ಮನೆ. ಅಪ್ಪ ಮಗ ಎದುರಾಬದುರು ಊಟಕ್ಕೆ ಕೂತರೆ ಮೊಣಕಾಲಿಗೆ ಮೊಣಕಾಲು ತಾಗಬೇಕು. ಆದರೂ ಮಾವನವರು ನನ್ನ ಕಡೆ ತಿರುಗಿ, "ತಂಗಿ, ಅವಂಗ ಕೇಳು, ಆಫೀಸು ಎಷ್ಟೊತ್ತಿಗಂತ" ಎನ್ನುವರು. ನಾನು ಇವರ ಕಡೆ ತಿರುಗುವೆ. "ಒಂಬತ್ತೂವರಿಗೆ ಅಂತ ಹೇಳು" ಎಂದು ಇವರು ಅನ್ನದ ತಾಟಿಗೆ ಹೇಳುವರು. ಟೆಲಿಫೋನ್ ಎಕ್ಸ್‌ಚೇಂಜಿನ ಹುಡುಗಿಗಾದರೂ ಪಾಳಿ ಮುಗಿಯುತ್ತದೆ, ನನಗೆ ಅದೂ ಇಲ್ಲ. ಎರಡು ದಿನ ನಕ್ಕೆ, ಮೂರನೆಯ ದಿನ ಅಳು ಬಂತು.

ಊರಿನಿಂದ ಬಂದವರಿಗೆ ಮುಂಬಯಿ ತೋರಿಸುವುದು ಆಗ ನಮ್ಮೆಲ್ಲರ ಮೇಲಿದ್ದ ಒಂದು ಋಣ. ರಾಣಿಬಾಗು, ಹ್ಯಾಂಗಿಂಗ್ ಗಾರ್ಡನ್, ಮಹಾಲಕ್ಷ್ಮಿ, ಚೌಪಾಟಿ, ಕೊನೆಗೆ ಗೇಟ್‌ವೇ. ಚಾಳಿನ ಹೆಂಗಸರಿಗೆಲ್ಲ ಬಾಯಿಪಾಠ. ನಾನು ಮಾತ್ರ ಮಾವನವರಿಗೆ ಯೂನಿವರ್ಸಿಟಿಯನ್ನೇ ತೋರಿಸಬೇಕು ಎಂದು ಹಟ ಹಿಡಿದೆ. ಹಳೆಯ ಜಾಗ ನೋಡಿದರೆ ಮನಸ್ಸು ಮೆತ್ತಗಾಗಿ, ಬಂದ ಮೇಲೆ ಮಗನೊಂದಿಗೆ ಒಂದು ಮಾತಾಡಿಯಾರು ಎಂಬ ಆಸೆ ನನ್ನದು. "ನೋಡಿದ್ದನ್ನ ಏನು ನೋಡೂದು?" ಎಂದು ಅವರು ಜಾರಿಕೊಂಡರು. ಮರುದಿನ ಮೊಣಕಾಲು ನೋವು ಎಂದರು. ಅದರ ಮರುದಿನ ಬಿಸಿಲು ಎಂದರು. ನನಗೆ ತಿಳಿಯಬೇಕಿತ್ತು. ಹಿರಿಯರು ಮೂರು ನೆಪ ಹೇಳಿದ ಮೇಲೂ ಬಿಡದ ಸೊಸೆಗೆ ಬುದ್ಧಿ ಕಡಿಮೆ ಎಂದೇ ಅರ್ಥ. ನಮ್ಮ ಚಾಳಿನ ಒಬ್ಬ ಮರಾಠಿ ಗೃಹಸ್ಥರು ಯೂನಿವರ್ಸಿಟಿಯಲ್ಲೇ ಪಟ್ಟೇವಾಲರು, ಅಂದರೆ ಜವಾನರಾಗಿದ್ದರು. ಪದವಿದಾನದ ಹಾಲಿನ ಬೀಗ ತೆಗೆಸಿ ಒಳಗೆಲ್ಲ ತೋರಿಸುತ್ತೇನೆ ಎಂದು ಅವರು ಮಾತು ಕೊಟ್ಟಿದ್ದೂ ನನ್ನ ಹಟಕ್ಕೆ ಗಾಳಿ ಹಾಕಿತು.

ಕೂಸನ್ನು ಪಕ್ಕದ ಮನೆಯವರ ಹತ್ತಿರ ಬಿಟ್ಟು, ಬೆಳಗಿನ ಗದ್ದಲ ಇಳಿದ ಮೇಲಿನ ಲೋಕಲ್ ಹಿಡಿದು ಹೊರಟೆವು. ಮಾವನವರು ಕಪ್ಪು ಕೋಟು, ಜರಿಯಂಚಿನ ರುಮಾಲು. ಓವಲ್ ಮೈದಾನದ ಹುಲ್ಲಿನ ಮೇಲೆ ಕಾಲಿಟ್ಟದ್ದೇ ಅವರ ನಡಿಗೆ ಬದಲಾಯಿತು. ನನ್ನನ್ನು ಒಂದು ಕಡೆ ನಿಲ್ಲಿಸಿ ಕೋಲಿನಿಂದ ತೋರಿಸತೊಡಗಿದರು.

"ಅಲ್ಲಿ ನೋಡು ತಂಗಿ, ಗಡಿಯಾರದ ಮ್ಯಾಲ, ಕಂಬದ ನಡುವ ಗೊಂಬಿ ನಿಂತಾವ. ಕಂಡವೇನು? ಒಬ್ಬೊಬ್ಬಂದು ಒಂದೊಂದು ರುಮಾಲು. ಈ ಕಡೆ ಸೀಮಿಯೊಳಗಿನ ಎಲ್ಲಾ ಜಾತಿ ಮಂದಿನೂ ಮಾಡ್ಯಾರ. ಈ ಮಗ್ಗಲಿನಾಂವ ನಮ್ಮ ಕಡೆಯಾಂವ ಇದ್ಹಂಗ ಅದಾನ. ಅಂವನ ಮೋತಿ ಮ್ಯಾಲ ಬಿಸಿಲು ಬೀಳೂದು ಊಟದ ಹೊತ್ತು ದಾಟಿದ ಮ್ಯಾಲ. ಅಲ್ಲೀತನಕ ನೆರಳಾಗ ಇರತಾನ."

ನಾನು ಬಾಯಿ ತೆರೆದು ನೋಡಿದೆ. ಎಷ್ಟೋ ಸಲ ಆ ದಾರಿಯಲ್ಲಿ ಓಡಾಡಿದವಳು, ಅಲ್ಲಿ ಗೊಂಬೆಗಳಿವೆ ಎಂಬುದೇ ನನಗೆ ಗೊತ್ತಿರಲಿಲ್ಲ. ಲೈಬ್ರರಿಯ ಮೂಲೆಗೆ ಸುರುಳಿ ಸುತ್ತಿ ಏರುವ ಕಲ್ಲಿನ ಮೆಟ್ಟಿಲು ತೋರಿಸಿದರು, ಮಳೆ ನೀರು ಉಗುಳಲು ಮಾಡಿದ ಕಲ್ಲಿನ ಪ್ರಾಣಿಗಳ ಬಾಯಿ ತೋರಿಸಿದರು. ಹಳದಿ ಕಲ್ಲು ಯಾವ ಹೊತ್ತಿಗೆ ಕೆಂಪಾಗಿ ಕಾಣುತ್ತದೆ ಎಂದು ಹೇಳಿದರು. ಮಾತಾಡುತ್ತ ಆಡುತ್ತ ಅವರ ದನಿಗೆ ಹರೆಯ ಬಂತು. ನನಗೆ ಹೆಮ್ಮೆಯೋ ಹೆಮ್ಮೆ. ಇಂಥ ಕಟ್ಟಡದಲ್ಲಿ ಕೂತು ಪಾಸಾದ ಮನುಷ್ಯನಿಗೆ ಮಗ ಫೇಲಾದರೆ ಸಿಟ್ಟು ಬಾರದೆ ಏನು ಎಂದು, ಆ ಹೊತ್ತಿಗೆ, ನನ್ನ ಗಂಡನ ಮೇಲೆಯೇ ಬೇಸರಪಟ್ಟುಕೊಂಡೆ. ಅದನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

"ಒಳಗ ಹೋಗೂಣ ಬರ್ರಿ ಮಾವಾರ" ಎಂದೆ.

"ಇಲ್ಲಿಂದನ ಛಲೋ ಕಾಣತೈತಿ" ಎಂದರು.

ನಾನು ಬಿಡಲಿಲ್ಲ. ರಸ್ತೆ ದಾಟಿಸಿ, ಗೇಟಿನೊಳಗೆ ಕರೆದೊಯ್ದೆ. ಪಟ್ಟೇವಾಲರು ಬೀಗದ ಕೈ ಹಿಡಿದು ಕಾಯುತ್ತಿದ್ದರು. ಹಾಲಿನ ದೊಡ್ಡ ಬಾಗಿಲು ತೆಗೆದರು. ಎತ್ತರದ ಚಾವಣಿ, ಸುತ್ತ ಕಬ್ಬಿಣದ ಬಳ್ಳಿಗಳ ಮೇಲೆ ನಿಂತ ಮೊಗಸಾಲೆ, ಎದುರಿಗೆ ಗಾಡಿ ಚಕ್ರದ ಹಾಗೆ ದುಂಡಗಿನ ಬಣ್ಣದ ಗಾಜಿನ ಕಿಟಕಿ. ಆ ಚಕ್ರದ ತುಂಬ ಹನ್ನೆರಡು ರಾಶಿಗಳ ಚಿತ್ರ. ಮಾವನವರು ತಲೆ ಮೇಲೆತ್ತಿ ನಿಂತುಬಿಟ್ಟರು. ರುಮಾಲು ಹಿಂದಕ್ಕೆ ಜಾರುತ್ತಿದ್ದುದೂ ಅವರಿಗೆ ತಿಳಿಯಲಿಲ್ಲ.

"ಒಳಗ ಹಿಂಗೈತೇನು!" ಎಂದರು, ಸಣ್ಣ ದನಿಯಲ್ಲಿ.

ಪಟ್ಟೇವಾಲರು ಪಾಪ, ಗೌರವದಿಂದಲೇ ಕೇಳಿದರು, "ಬಾಬಾ, ತುಮಚೀ ಸೀಟ್ ಕುಠೇ ಹೋತೀ?" ನಾನು ಮುಂದೆ ಬಂದು, "ನಿಮ್ಮ ಸೀಟು ಎಲ್ಲಿತ್ತು ಅಂತ ಕೇಳಾಕತ್ತಾರ್ರಿ" ಎಂದೆ. ಮಾವನವರು ನನ್ನನ್ನು ನೋಡಿದರು, ಅವರನ್ನು ನೋಡಿದರು. ಕೋಲು ಊರುತ್ತ ಹೊರಗೆ ನಡೆದರು. ನಾನು ಹಿಂದೆ ಓಡಿದೆ. ಹೊರಗಿನ ಹೂದೋಟದ ಪಕ್ಕದ ಕಲ್ಲಿನ ಮೆಟ್ಟಿಲ ಮೇಲೆ ಕೂತಿದ್ದರು. ಅಳು ಬಂದಿದೆ, ಹಳೆಯ ದಿನ ನೆನಪಾಗಿದೆ ಎಂದುಕೊಂಡೆ.

"ತಂಗಿ, ಆ ಹಾಲಿನಾಗ ನಾ ಇವತ್ತ ಮೊದಲನೇ ಸರ್ತಿ ಕಾಲಿಟ್ಟೆ" ಎಂದರು.

"ಹಂಗಾದ್ರ ಪರೀಕ್ಷಾ ಬ್ಯಾರೆ ಕಡೆ ಇತ್ತೇನ್ರಿ?"

"ಪರೀಕ್ಷಾ ಇಲ್ಲೇ ಇತ್ತು. ನಾ ಇರಲಿಲ್ಲ."

ಅವರು ಹೇಳಿದ್ದು ಇಷ್ಟು. ಆಗ ಅವರಿಗೆ ಇಪ್ಪತ್ತರ ಆಸುಪಾಸು. ಕನ್ನಡ ಬಿಟ್ಟರೆ ಪುಸ್ತಕದ ಇಂಗ್ಲಿಷ್ ಬರುತ್ತಿತ್ತು, ಮರಾಠಿ ಸುತರಾಂ ಬರುತ್ತಿರಲಿಲ್ಲ. ಮೊದಲನೆಯ ಪೇಪರಿನ ದಿನ ಬೋರಿಬಂದರ್ ಸ್ಟೇಷನ್ನಿನಿಂದ ದಾರಿ ತಪ್ಪಿ, ಓಡುತ್ತ ಬಂದು ಮುಟ್ಟುವ ಹೊತ್ತಿಗೆ ಅಂಗಳ ಖಾಲಿಯಾಗಿತ್ತು. ದೊಡ್ಡ ಪರೀಕ್ಷೆ ದೊಡ್ಡ ಮೆಟ್ಟಿಲ ಮೇಲೆಯೇ ಇರಬೇಕು ಎಂದುಕೊಂಡು ಆ ಸುರುಳಿ ಮೆಟ್ಟಿಲು ಹತ್ತಿದರಂತೆ. ಮೇಲೆ ಬಿಲ್ಲೆ ಹಾಕಿಕೊಂಡ ಒಬ್ಬ ಜವಾನ ನಿಂತಿದ್ದ. ಇವರು ಏದುಸಿರು ಬಿಡುತ್ತ ಕೈಯಲ್ಲಿದ್ದ ಚೀಟಿ ತೋರಿಸಿದರು. ಅವನು ನೋಡಿ ಕೈ ಬೀಸಿ, "ಪೇಪರ್ ಖಾಲೀ ಆಹೇ, ಖಾಲೀ" ಎಂದ.

"ನಮ್ಮ ಭಾಷಾದಾಗ ಖಾಲಿ ಅಂದ್ರ ಏನು ತಂಗಿ? ತೀರೇತಿ ಅಂತ. ಪೇಪರೆಲ್ಲಾ ಹಂಚಿ ಖಾಲಿ ಆತು, ನೀ ತಡಾ ಮಾಡಿ ಬಂದಿ ಅಂತ ನಾ ತಿಳಕೊಂಡೆ. ಅಂವ ಹೇಳಿದ್ದು ಪೇಪರು ಕೆಳಗೈತಿ, ಕೆಳಗ ಹೋಗು ಅಂತ."

ನಾನು ನಕ್ಕುಬಿಟ್ಟೆ.

ಯಾಕೆ ನಕ್ಕೆ ಎಂದರೆ, ಆ ಮಾತಿಗೆ ಎಡವದ ಕನ್ನಡಿಗರು ಮುಂಬಯಿಯಲ್ಲಿ ಇಲ್ಲ. ನಾನು ಚಾಳಿಗೆ ಬಂದ ಹೊಸದರಲ್ಲಿ ಪಕ್ಕದ ಮನೆಯಾಕೆ "ಮೀ ಖಾಲೀ ಜಾತೇ" ಎಂದಾಗ, ಪಾಪ, ಬರಿಗೈಯಲ್ಲಿ ಹೋಗುತ್ತಿದ್ದಾಳೆ ಎಂದು ಒಂದು ವಾಟಗ ಸಕ್ಕರೆ ಕೊಡಲು ಹೋಗಿದ್ದೆ. ಅವಳು ಕೆಳಗಿನ ನಲ್ಲಿಗೆ ಹೊರಟಿದ್ದಳು. ಆ ನೆನಪಿಗೆ ಬಂದ ನಗು ಅದು. ಆದರೆ ಎದುರಿಗೆ ಕೂತ ಮುದುಕರಿಗೆ ಅದು ಹೇಗೆ ತಿಳಿಯಬೇಕು? ಅವರ ಮುಖ ನೋಡಿದ ಮೇಲೆ ನನ್ನ ಬಾಯಿಗೆ ನಾನೇ ಹೊಡೆದುಕೊಳ್ಳಬೇಕು ಅನ್ನಿಸಿತು. ಇವತ್ತಿಗೂ ಅನ್ನಿಸುತ್ತದೆ.

"ನೋಡಿದಿ? ನೀನೂ ನಕ್ಕಿ" ಎಂದರು. "ಫೇಲಾದಾಂವಗ ಮಂದಿ ಅಯ್ಯೋ ಪಾಪ ಅಂತಾರ. ಇದಕ್ಕ ನಗತಾರ."

"ಇನ್ನೊಂದು ಸಲ ಕೇಳಬೇಕಿತ್ತಲ್ರಿ ಮಾವಾರ."

"ಊರಾಗಾಗಿದ್ರ ಜಗಳಾನ ತಗೀತಿದ್ದೆ. ಇಂಥಾ ಕಟ್ಟಡದಾಗ ನಿಂತು ಎರಡನೇ ಸಲ ಕೇಳಾಕ ಧೈರ್ಯ ಬೇಕಲ್ಲ. ಕಲ್ಲು ನೋಡೇ ಬಾಯಿ ಕಟ್ಟಿತ್ತು."

ಇಳಿದು ಬಂದು ಓವಲ್ ಮೈದಾನದಲ್ಲಿ ಕೂತರಂತೆ. ಗಡಿಯಾರ ಬಾರಿಸಿತು. ಸ್ವಲ್ಪ ಹೊತ್ತಿಗೆ ಕೆಳಗಿನ ಬಾಗಿಲಿನಿಂದ ಹುಡುಗರು ಬೆರಳಿಗೆ ಮಸಿ ಹಚ್ಚಿಕೊಂಡು ಹೊರಗೆ ಬಂದರು. ಒಬ್ಬನನ್ನು ಇಂಗ್ಲಿಷಿನಲ್ಲಿ ವಿಚಾರಿಸಿದಾಗ ಆದದ್ದು ತಿಳಿಯಿತು. ಒಂದು ಪೇಪರು ಹೋದ ಮೇಲೆ ಉಳಿದವನ್ನು ಬರೆದೂ ಪ್ರಯೋಜನವಿರಲಿಲ್ಲ. ಹಾಗೆಂದು ಊರಿಗೆ ಬೇಗ ಮರಳುವ ಹಾಗೂ ಇರಲಿಲ್ಲ. ಪರೀಕ್ಷೆ ಮುಗಿಯುವ ತನಕ ದಿನಾ ಬಂದು ಅದೇ ಹುಲ್ಲಿನ ಮೇಲೆ ಕೂತು ಗೋಪುರ ನೋಡಿದರು. ಊರಿಗೆ ಹೋದರೆ ಅವರಪ್ಪ ಅಷ್ಟರಲ್ಲಿ ಓಣಿಗೆಲ್ಲ ಪೇಢೆ ಹಂಚಿದ್ದರು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವುದು ಆ ಮನೆಯ ಹಳೆಯ ಅಭ್ಯಾಸ. ಬಾಯಲ್ಲಿ ಪೇಢೆ ಇಟ್ಟುಕೊಂಡ ಜನ ಬಿ.ಎ. ಎಂದು ಕರೆದರು, ಇವರು ಓ ಎಂದರು.

"ನಾ ಬಿ.ಎ. ಅಂತ ಒಂದು ಸರ್ತಿನೂ ನನ್ನ ಬಾಯಿಲೆ ಅಂದಿಲ್ಲ ತಂಗಿ. ಅಲ್ಲ ಅಂತನೂ ಅಂದಿಲ್ಲ."

ಆಮೇಲೆ ಕೋಲು ಊರಿ ಎದ್ದು ನಿಂತು, "ಅವಂಗ ಹೇಳಬ್ಯಾಡ" ಎಂದರು. ಆಣೆ ಇಡಿಸಲಿಲ್ಲ. ನಾನು ತಲೆಯಾಡಿಸಿದೆ. ದಾರಿಯಲ್ಲಿ ಒಂದು ಉಡುಪಿ ಹೋಟೆಲಿಗೆ ಕರೆದೊಯ್ದೆ. ಮಾಣಿ ಬಂದು "ಎಂತ ಕೊಡುವ ಅಜ್ಜೇರೆ?" ಎಂದ. ಅವರು ಚಹಾ ತರಿಸಿ, ಕುಡಿಯದೆ ತಣ್ಣಗೆ ಮಾಡಿ ಬಿಟ್ಟರು.

ಆ ಸಂಜೆ ಮಾವನವರು ಮನೆ ಹೊರಗಿನ ಗ್ಯಾಲರಿಯಲ್ಲಿ ಮೊಮ್ಮಗನನ್ನು ಆಡಿಸುತ್ತಿದ್ದಾಗ ನನ್ನವರು ಸ್ಟೋವಿನ ಪಕ್ಕ ಬಂದು ಕೂತರು. "ಎಲ್ಲಿ ಕೂತು ಬರದಿದ್ರಂತ? ತೋರಿಸಿದ್ರೇನು?" ಎಂದು ಕೇಳಿದರು. ಆ ಮುಖದಲ್ಲಿದ್ದ ಆಸೆ ನೋಡಬೇಕಿತ್ತು. ಗೊತ್ತಿಲ್ಲ ಎಂದರೆ ಮುಗಿಯುತ್ತಿತ್ತು. ಸುಮ್ಮನಿದ್ದರೂ ಮುಗಿಯುತ್ತಿತ್ತು. ನನ್ನ ನಾಲಿಗೆಗೆ ಸುಮ್ಮನಿರುವುದು ಗೊತ್ತಿಲ್ಲ.

"ಎಡಗಡೆ ಮೂರನೇ ಕಿಟಕಿ ಹತ್ರಂತ್ರಿ. ಬಣ್ಣದ ಬೆಳಕು ಪೇಪರಿನ ಮ್ಯಾಲ ಬೀಳತಿತ್ತಂತ" ಎಂದೆ.

ಬಣ್ಣದ ಬೆಳಕು! ಯಾರು ಕೇಳಿದ್ದರು ನನ್ನನ್ನು? ಇವರು ಆ ಮಾತನ್ನು ಪ್ರಸಾದದ ಹಾಗೆ ತೆಗೆದುಕೊಂಡರು. ಮಾವನವರು ಊರಿಗೆ ಹೋದ ಮೇಲೆ ಒಂದು ದಿನ ಇವರು ಹಳೆಯ ಪುಸ್ತಕಗಳ ಕಟ್ಟು ಹೊತ್ತು ತಂದರು. ಮನೆಯಿಂದಲೇ ಓದಿ ಬಿ.ಎ.ಗೆ ಮತ್ತೆ ಕೂರುತ್ತಾರಂತೆ. "ಅಪ್ಪಗ ಹೇಳಬ್ಯಾಡ, ಪಾಸಾದ ಮ್ಯಾಲ ಹೇಳೂಣು" ಎಂದರು. ಅಪ್ಪ ಮಗ ಇಬ್ಬರದೂ ಒಂದೇ ಮಾತು, ಹೇಳಬ್ಯಾಡ. ನಡುವೆ ನಾನು, ಬಾಯಲ್ಲಿ ಬಿಸಿತುಪ್ಪ.

ಮುಂದಿನ ವರ್ಷಗಳನ್ನು ನಾನು ಹೇಗೆ ಕಳೆದೆನೋ. ಬೆಳಗಿನ ನಲ್ಲಿ ಬರುವುದಕ್ಕೂ ಮೊದಲೇ ಇವರು ಎದ್ದು ಓದುವರು. ಲೋಕಲ್ಲಿನಲ್ಲಿ ಬಾಗಿಲ ಕಂಬಿಗೆ ಒರಗಿ ಓದುವರು. ಭಾನುವಾರ ಬಾಂದ್ರಾದಲ್ಲಿ ಯಾರೋ ಹೇಳಿಕೊಡುತ್ತಾರೆ ಎಂದು ಅಲ್ಲಿಗೆ ಹೋಗುವರು. ಹೊಟ್ಟೆಯಲ್ಲಿ ಹುಣ್ಣಾಯಿತು, ಕಣ್ಣಿಗೆ ದಪ್ಪ ಕನ್ನಡಕ ಬಂತು, ಮಗ ಅಪ್ಪನ ತೊಡೆಯ ಮೇಲೆ ಕೂತ ದಿನ ನನಗೆ ನೆನಪಿಲ್ಲ. ಒಂದು ಸಲ ಕೂತು ಒಂದು ವಿಷಯದಲ್ಲಿ ಮತ್ತೆ ಫೇಲಾದರು. ಆ ದಿನ ಗೋಡೆಗೆ ಮುಖ ಮಾಡಿ ಮಲಗಿ, "ಅಪ್ಪ ಒಂದ ಹೊಡತಕ್ಕ ಮಾಡಿದ್ದು ನನಗ ಎರಡ ಹೊಡತಕ್ಕೂ ಆಗವಲ್ದು" ಎಂದರು. ನಾನು ಅಕ್ಕಿ ಆರಿಸುತ್ತಿದ್ದೆ. ಒಂದೇ ಒಂದು ಮಾತು ಆಡಿದ್ದರೆ ಆ ಮನುಷ್ಯ ಗೋಡೆ ಬಿಟ್ಟು ಈ ಕಡೆ ಹೊರಳುತ್ತಿದ್ದರು. ಆಡಲಿಲ್ಲ. ಮಾವನಿಗೆ ಕೊಟ್ಟ ಮಾತಿಗಾಗಿ ಸುಮ್ಮನಿದ್ದೆ ಎಂದು ಆಗ ನನಗೆ ನಾನೇ ಹೇಳಿಕೊಂಡೆ. ನಿಜ ಅಷ್ಟೇ ಅಲ್ಲ. ಗಂಡ ಬಿ.ಎ. ಆಗಲಿ ಎಂಬ ಆಸೆ ನನಗೂ ಹತ್ತಿತ್ತು. ಓಟ ನಿಂತುಬಿಟ್ಟರೆ ಏನು ಗತಿ ಎಂದು ಸುಮ್ಮನೆ ಅಕ್ಕಿ ಆರಿಸಿದೆ.

ಎಪ್ಪತ್ತರ ದಶಕದ ನಡುವೆ, ಅಂತೂ ಪಾಸಾದರು. ಇವರು ಮೊದಲ ಸಲ ಚಾಳಿನ ಗ್ಯಾಲರಿಯಲ್ಲಿ ಎಲ್ಲರಿಗೂ ಕಾಣುವ ಹಾಗೆ ನಡುವೆ ನಿಂತು ಪೇಢೆ ಹಂಚಿದರು. ಪದವಿದಾನಕ್ಕೆ ಬರಲೇಬೇಕು ಎಂದು ಮಾವನವರಿಗೆ ಬರೆದರು, ರೈಲಿನ ಟಿಕೀಟನ್ನೂ ಕಳಿಸಿದರು. ಆ ಹಾಲಿನಲ್ಲಿ ಅಪ್ಪನ ಎದುರಿಗೆ ಪದವಿ ತೆಗೆದುಕೊಳ್ಳಬೇಕು, ಇಷ್ಟು ವರ್ಷ ಒದ್ದಾಡಿದ್ದೇ ಅದಕ್ಕೆ. ಊರಿನಿಂದ ಬರುತ್ತಿದ್ದ ಪರಿಚಿತರ ಕೈಯಲ್ಲಿ ಮಾವನವರು ಹೇಳಿ ಕಳಿಸಿದರು, ತಬ್ಯೇತ ಬರೋಬರಿ ಇಲ್ಲ, ಬರೂದು ಆಗೂದಿಲ್ಲ. "ಆರಾಮ ಅದಾರಲ್ರಿ, ನಿನ್ನೆ ಸಂತಿಯೊಳಗ ನೋಡೀನಿ" ಎಂದು ಆ ಪುಣ್ಯಾತ್ಮರು ಸೇರಿಸಿದರು.

ಪದವಿದಾನದ ದಿನ ನಾನು ಮೇಲಿನ ಮೊಗಸಾಲೆಯಲ್ಲಿ ಮಗನನ್ನು ಕರೆದುಕೊಂಡು ಕೂತಿದ್ದೆ. ಪಕ್ಕದ ಖುರ್ಚಿಯನ್ನು ಯಾರಿಗೂ ಬಿಟ್ಟುಕೊಡಲಿಲ್ಲ. ಬಾಡಿಗೆಯ ಕರೀ ಗೌನು ಇವರಿಗೆ ಉದ್ದವಾಗಿತ್ತು, ಹುಡುಗರ ಸಾಲಿನಲ್ಲಿ ತಲೆ ನರೆತ ಇವರೊಬ್ಬರು. ಎಲ್ಲ ಮುಗಿದು ಜನ ಹೊರಗೆ ಹೋದರೂ ಇವರು ಹೋಗಲಿಲ್ಲ. ನಾನು ಕೆಳಗಿಳಿದು ಬಂದು ನೋಡಿದರೆ ಎಡಗಡೆಯ ಮೂರನೇ ಕಿಟಕಿಯ ಹತ್ತಿರ ನಿಂತಿದ್ದರು. ಕಿಟಕಿಯಿಂದ ಬಿದ್ದ ಬೆಳಕಿನಲ್ಲಿ ಕೈ ಹಿಡಿದು, ತಿರುಗಿಸಿ ನೋಡುತ್ತಿದ್ದರು.

"ಇಲ್ಲೇ ಅಲ್ಲೇನು?" ಎಂದರು. "ಬಿ.ಎ. ಆದ್ರೂ ಅವರು ಬರಲಿಲ್ಲ. ಇನ್ನೇನ ಮಾಡ್ಲಿ ನಾ?"

ಗಂಡಸರು ಅಳುವುದನ್ನು ನಾನು ಸಾವಿನ ಮನೆಗಳಲ್ಲಿ ನೋಡಿದ್ದೆ. ಹೀಗೆ, ಗೌನು ಹಾಕಿಕೊಂಡು, ಕೈಯಲ್ಲಿ ಪದವಿಯ ಸುರುಳಿ ಹಿಡಿದು ಅಳುವುದನ್ನು ನೋಡಿರಲಿಲ್ಲ. ನನ್ನಿಂದ ತಡೆದುಕೊಳ್ಳುವುದು ಆಗಲಿಲ್ಲ. ಮಗನನ್ನು ಹೂದೋಟದಲ್ಲಿ ಆಡಲು ಬಿಟ್ಟು ಎಲ್ಲ ಹೇಳಿಬಿಟ್ಟೆ. ದಾರಿ ತಪ್ಪಿದ್ದು, ಸುರುಳಿ ಮೆಟ್ಟಿಲು, ಜವಾನ, ಖಾಲಿ, ದಿನಾ ಮೈದಾನದಲ್ಲಿ ಕೂತದ್ದು. ಮೂರನೇ ಕಿಟಕಿ ನಾನು ಕಟ್ಟಿದ ಸುಳ್ಳು ಎಂಬುದನ್ನೂ ಹೇಳಿದೆ. ನಗುತ್ತಾರೇನೋ ಎಂದು ಮುಖ ನೋಡಿದೆ. ನಗಲಿಲ್ಲ. ನನ್ನ ಮೇಲೆ ಸಿಟ್ಟೂ ಮಾಡಲಿಲ್ಲ, ಮಾಡಿದ್ದರೆ ನನಗೆ ಹಗುರಾಗುತ್ತಿತ್ತು.

"ಎಲ್ಲಿ ಕೂತಿದ್ರು ಮೈದಾನದಾಗ?" ಎಂದು ಮಾತ್ರ ಕೇಳಿದರು.

ಗೌನು ಎತ್ತಿ ಹಿಡಿದುಕೊಂಡು ರಸ್ತೆ ದಾಟಿದರು. ಮಗನ ಕೈ ಹಿಡಿದುಕೊಂಡು ನಾನೂ ಹಿಂದೆ ನಡೆದೆ. ಕ್ರಿಕೆಟ್ ಆಡುತ್ತಿದ್ದ ಹುಡುಗರು ಆಟ ನಿಲ್ಲಿಸಿ ನೋಡಿದರು. ಮಾವನವರು ನನ್ನನ್ನು ನಿಲ್ಲಿಸಿದ್ದ ಜಾಗ ತೋರಿಸಿದೆ. ಇವರು ಅಲ್ಲಿ ಚಕ್ಕಳಮಕ್ಕಳ ಹಾಕಿ ಕೂತು ಬಹಳ ಹೊತ್ತು ಗೋಪುರ ನೋಡಿದರು. "ಊಟ ಏನ ಮಾಡತಿದ್ರೋ ಏನೋ ಅಷ್ಟ ದಿನ" ಎಂದರು. ಆ ಮಾತು ನನಗೆ ಹೊಳೆದೇ ಇರಲಿಲ್ಲ. ಗೊತ್ತಾದದ್ದನ್ನು ಅಪ್ಪನ ಮುಂದೆ ತೋರಿಸಿಕೊಳ್ಳಬೇಡಿ ಎಂದು ಕೈ ಮುಗಿದು ಕೇಳಿಕೊಂಡೆ. ಹುಚ್ಚಿ, ನಾ ಯಾಕ ತೋರಿಸಲಿ ಎಂದರು.

ದೀಪಾವಳಿಗೆ ಗದಗಿಗೆ ಹೋದೆವು. ಮಾವನವರು ಪಡಸಾಲೆಯಲ್ಲಿ ಜಮಖಾನೆಯ ಮೇಲೆ ಕೂತಿದ್ದರು. ಇವರು ಕಾಲಿ‌ಗೆ ನಮಸ್ಕಾರ ಮಾಡಿ ಎದುರಿಗೆ ಕೂತರು. ನಾನು ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದೆ, ಎಲ್ಲಿ ನನ್ನನ್ನು ನಡುವೆ ಕರೆಯುತ್ತಾರೋ ಎಂದು. ಕರೆಯಲಿಲ್ಲ. ಎಷ್ಟೋ ವರ್ಷಗಳ ಮೇಲೆ ಮಾವನವರು ಮಗನ ಮುಖ ನೋಡಿ ನೇರವಾಗಿ ಕೇಳಿದರು.

"ಯಾವ ಕ್ಲಾಸ್ ಬಂತು?"

"ಪಾಸ್ ಕ್ಲಾಸ್ ರೀ ಅಪ್ಪಾ."

"ಬರೇ ಪಾಸ್ ಕ್ಲಾಸ? ಇಷ್ಟ ವರ್ಷ ಓದಿ? ನಮ್ಮ ಕಾಲದಾಗ..."

ಹಿಂದೆ ಆಗಿದ್ದರೆ ಇವರು ತಲೆ ತಗ್ಗಿಸುತ್ತಿದ್ದರು, ಕಿವಿ ಕೆಂಪಾಗುತ್ತಿತ್ತು, ಎದ್ದು ಹಿತ್ತಲಿಗೆ ಹೋಗುತ್ತಿದ್ದರು. ಈಗ ಹಾಗೇನೂ ಆಗಲಿಲ್ಲ. ಇವರು ಮುಂದೆ ಬಾಗಿ ಅಪ್ಪನ ಕೈಯ ಮೇಲೆ ತಮ್ಮ ಕೈ ಇಟ್ಟರು. "ಖರೇ ಐತ್ರಿ ಅಪ್ಪಾ. ನಿಮ್ಮ ಕಾಲದಾಗ ಭಾಳ ಕಠಿಣ ಇತ್ತು" ಎಂದರು, ಜ್ವರ ಬಂದ ಕೂಸಿಗೆ ಹೇಳುವ ಹಾಗೆ, ಮೆತ್ತಗೆ.

ಆ ಮನೆಯಲ್ಲಿ ಮಗ ಅಪ್ಪನ ಕೈ ಹಿಡಿಯುವ ಪದ್ಧತಿ ಇರಲಿಲ್ಲ. ಮಾವನವರು ಮಾತು ನಿಲ್ಲಿಸಿ ಆ ಕೈಯನ್ನು ನೋಡಿದರು. ಮಗನ ಮುಖ ನೋಡಿದರು. ಅಲ್ಲಿ ಅಂಜಿಕೆಯೂ ಇಲ್ಲ, ಸಿಟ್ಟೂ ಇಲ್ಲ, ಬರೀ ಕನಿಕರ. ನನ್ನವರಿಗೆ ಮುಚ್ಚಿಡುವುದು ಎಂದೂ ಬಂದದ್ದಿಲ್ಲ. ಆಮೇಲೆ ಮಾವನವರು ನಿಧಾನವಾಗಿ ಕುತ್ತಿಗೆ ತಿರುಗಿಸಿ ಬಾಗಿಲ ಕಡೆ ನೋಡಿದರು. ಕೈಯನ್ನು ಮಾತ್ರ ಎಳೆದುಕೊಳ್ಳಲಿಲ್ಲ, ಮಗನ ಕೈಯೊಳಗೇ ಬಿಟ್ಟರು. ನಾನು ಸೆರಗಿನ ತುದಿ ಹಿಡಿದು ನಿಂತೇ ಇದ್ದೆ.

ಮದುವೆಯಾಗಿ ಆ ಮನೆಯ ಹೊಸ್ತಿಲು ದಾಟಿದ ದಿನದಿಂದ ಅವರು ನನ್ನನ್ನು ಹೊಟ್ಟೆಯ ಮಗಳ ಹಾಗೆ ಏಕವಚನದಲ್ಲೇ ಕರೆದವರು. ಬಾ, ಹೋಗು, ತಾ, ಕುಂಡ್ರು. ತವರಿನಲ್ಲೂ ನನಗೆ ಅಷ್ಟು ಸಲಿಗೆ ಇರಲಿಲ್ಲ.

"ಒಂದ ಗ್ಲಾಸ ನೀರ ಕೊಡ್ರಿ" ಎಂದರು.

ಯಾರೋ ಹಿರಿಯರು ಬಂದು ನಿಂತಿರಬೇಕು ಎಂದು ನಾನು ಹಿಂದೆ ತಿರುಗಿ ನೋಡಿದೆ. ಅಡಿಗೆಮನೆಯಲ್ಲಿ ಯಾರೂ ಇರಲಿಲ್ಲ. ನೀರು ತಂದು ಮುಂದೆ ಇಟ್ಟಾಗ, "ಅಲ್ಲೇ ಇಡ್ರಿ, ನಿಮಗ್ಯಾಕ ತ್ರಾಸ" ಎಂದರು. ಸಾಯುವ ತನಕ ಮತ್ತೆ ತಂಗಿ ಎನ್ನಲಿಲ್ಲ, ನನಗೆ ಹಾಗೇ ಮರ್ಯಾದೆ ಕೊಟ್ಟರು.